ಔಷಧ ರಸಾಯನಶಾಸ್ತ್ರದ ತರಗತಿ: ಅಧ್ಯಾಪಕರು ಪದೇ ಪದೇ ಕೇಳುವ ಪ್ರಶ್ನೆಗಳು

ಫಾರ್ಮಸಿ ವಿದ್ಯಾರ್ಥಿಗಳಿಗೆ ಫಾರ್ಮಾಸ್ಯೂಟಿಕಲ್ ಕೆಮಿಸ್ಟ್ರಿ ಪಾಠ ಮಾಡುವವರಿಗಾಗಿ ಈ ಪುಟ. ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳಿದ ಪ್ರಶ್ನೆಗಳೇ ಇಲ್ಲಿ ಜಾಸ್ತಿ. ಉತ್ತರಗಳಲ್ಲಿ ಕೆಲವು ಓದಿ ತಿಳಿದದ್ದು, ಉಳಿದವು ನಾನೇ ತರಗತಿಯಲ್ಲಿ ಮಾಡಿ ನೋಡಿ ಕಂಡುಕೊಂಡದ್ದು.

ಉತ್ಸಾಹದಿಂದ ಬಂದ ಹುಡುಗ ಹುಡುಗಿಯರು ಈ ವಿಷಯಕ್ಕೆ ಬಂದ ಕೂಡಲೇ ಯಾಕೆ ಸಪ್ಪಗಾಗುತ್ತಾರೆ?

ನಾವು ಅವರ ಮುಂದೆ ಬರೀ ಉತ್ತರಗಳನ್ನು ಇಡುತ್ತೇವೆ, ಅದಕ್ಕೆ. ಬೋರ್ಡಿನ ಮೇಲೆ ಒಂದು ಸ್ಟ್ರಕ್ಚರ್, ಪಕ್ಕದಲ್ಲಿ ಹೆಸರು, ಕೆಳಗೆ ಎಸ್‌ಎಆರ್‌ನ (ಅಣುವಿನ ರಚನೆಗೂ ಅದರ ಪರಿಣಾಮಕ್ಕೂ ಇರುವ ನಂಟು) ಎಂಟು ಅಂಶ. ಮುಂದಿನ ಔಷಧಕ್ಕೂ ಅದೇ ಕ್ರಮ. ಆ ಒಂದೊಂದು ಅಣುವಿನ ಹಿಂದೆಯೂ ಯಾರೋ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿರುತ್ತಾರೆ. ಆ ತಲೆಬಿಸಿಯನ್ನೆಲ್ಲ ಸೋಸಿ ತೆಗೆದು ಉಳಿದ ಒಣ ಪಟ್ಟಿಯನ್ನು ಮಕ್ಕಳ ಕೈಗೆ ಕೊಡುತ್ತೇವೆ.

ಇನ್ನೊಂದು ಕಾರಣ ವಿಷಯದ ಒಳಗೇ ಇದೆ. ರಸಾಯನಶಾಸ್ತ್ರ ಕಲಿಯುವವರು ಮೂರು ಮಟ್ಟಗಳ ನಡುವೆ ಓಡಾಡಬೇಕು ಎಂದು ಅಲೆಕ್ಸ್ ಜಾನ್‌ಸ್ಟನ್ 1991ರಲ್ಲಿ ಬರೆದರು. ಕಣ್ಣಿಗೆ ಕಾಣುವ ಪುಡಿ, ದ್ರಾವಣ, ಬಣ್ಣ ಒಂದು ಮಟ್ಟ. ಕಾಣದ ಅಣುಗಳು ಇನ್ನೊಂದು. ಕಾಗದದ ಮೇಲಿನ ಗೆರೆ ಮತ್ತು ಚಿಹ್ನೆಗಳು ಮೂರನೆಯದು. ಪಾಠ ಮಾಡುವವರು ಈ ಮೂರರ ನಡುವೆ ಸಲೀಸಾಗಿ ಹಾರುತ್ತಾರೆ, ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ. ನಮ್ಮ ವಿಷಯದಲ್ಲಂತೂ ನಾಲ್ಕನೆಯ ಮಟ್ಟವೂ ಇದೆ: ರೋಗಿಯ ದೇಹ. ಬೆಂಜೀನ್ ಉಂಗುರದ ಮೇಲಿನ ಒಂದು ಗ್ರೂಪ್‌ನಿಂದ ಹಿಡಿದು ನಿದ್ದೆ ಬರುವುದು, ಎದೆ ಬಡಿತ ಏರುವುದರ ತನಕ ದಾರಿ ಕಾಣಬೇಕು. ಅಷ್ಟು ದೂರವನ್ನು ಒಂದೇ ವಾಕ್ಯದಲ್ಲಿ ದಾಟಿಬಿಟ್ಟರೆ ಯಾರಿಗಾದರೂ ತಲೆ ತಿರುಗುತ್ತದೆ.

ಎಲ್ಲವನ್ನೂ ಬದಲಾಯಿಸಲು ನನ್ನಿಂದ ಆಗದು. ಒಂದೇ ಒಂದು ಬದಲಾವಣೆ ಮಾಡೋದಾದ್ರೆ ಯಾವುದು?

ಉತ್ತರ ಹೇಳುವ ಮೊದಲು ಊಹೆ ಬರೆಸಿ. ಬಾಯಲ್ಲಿ ಹೇಳಿಸಿದರೆ ಸಾಲದು, ಬರೆಸಬೇಕು. ನನ್ನ ಚಾಕ್‌ಪೀಸ್ ಬೋರ್ಡಿಗೆ ತಾಗುವ ಮೊದಲು ಅವರ ಪೆನ್ನು ಕಾಗದಕ್ಕೆ ತಾಗಬೇಕು. ಈ ಪುಟದಲ್ಲಿ ನಾನು ಹೇಳುವ ಬಾಕಿ ಎಲ್ಲವೂ ಇದರ ರೆಂಬೆ ಕೊಂಬೆಗಳೇ.

ಒಂದು ತರಗತಿ ಹೇಗೆ ನಡೆಯುತ್ತದೆ ನೋಡಿ. ಬೋರ್ಡಿನ ಮೇಲೆ ಅಡ್ರಿನಲಿನ್ ಬರೆಯುತ್ತೇನೆ. ಉಂಗುರ, ಅದರ ಮೇಲೆ ಅಕ್ಕಪಕ್ಕ ಎರಡು ಓಎಚ್, ಇನ್ನೊಂದು ಕಡೆ ಬಾಲ, ಬಾಲದ ತುದಿಯಲ್ಲಿ ನೈಟ್ರೋಜನ್, ಅದಕ್ಕೊಂದು ಮೀಥೈಲ್. ಆಮೇಲೆ ಹೇಳುತ್ತೇನೆ: "ಆಸ್ತಮಾ ರೋಗಿಯ ಶ್ವಾಸನಾಳ ಸಡಿಲವಾಗಬೇಕು. ಎದೆ ಬಡಿತ ಏರಬಾರದು. ಪರಿಣಾಮ ಕೆಲವು ಗಂಟೆಯಾದರೂ ಉಳಿಯಬೇಕು. ಈ ಅಣುವಿನಲ್ಲಿ ನೀವು ಎಲ್ಲಿ ಕೈ ಹಾಕುತ್ತೀರಿ? ಎರಡು ನಿಮಿಷ."

ಮೊದಲ ಅರ್ಧ ನಿಮಿಷ ಯಾರೂ ಬರೆಯುವುದಿಲ್ಲ. ಆಮೇಲೆ ಒಂದೊಂದೇ ತಲೆ ಬಗ್ಗುತ್ತದೆ. ಆಗ ಮೊದಲ ಸುಳಿವು ಕೊಡುತ್ತೇನೆ. ನೈಟ್ರೋಜನ್ ಮೇಲಿನ ಗುಂಪು ದಪ್ಪವಾದಷ್ಟೂ ಅಣು ಬೀಟಾ ರಿಸೆಪ್ಟರ್ ಕಡೆ ವಾಲುತ್ತದೆ (ರಿಸೆಪ್ಟರ್ ಅಂದರೆ ಔಷಧ ಹೋಗಿ ಕೂರುವ ಜೀವಕೋಶದ ಪ್ರೋಟೀನ್, ಬೀಟಾ ಅದರ ಒಂದು ಬಗೆ). ಮೀಥೈಲ್ ಜಾಗಕ್ಕೆ ಐಸೊಪ್ರೊಪೈಲ್ ಬಂದರೆ ಅದು ಐಸೊಪ್ರೆನಲಿನ್. ಆದರೆ ಹೃದಯ ಇನ್ನೂ ಓಡುತ್ತದೆ, ಪರಿಣಾಮವೂ ಬೇಗ ಇಳಿಯುತ್ತದೆ. ಎರಡನೆಯ ಸುಳಿವು: ಸಿಓಎಂಟಿ ಎಂಬ ಎನ್ಜೈಮ್ ಆ ಎರಡು ಓಎಚ್‌ಗಳಲ್ಲಿ ಮೆಟಾ ಜಾಗದ್ದನ್ನು (ಬಾಲ ಅಂಟಿದ ಕಾರ್ಬನ್‌ನಿಂದ ಒಂದು ಬಿಟ್ಟು ಮುಂದಿನದು) ಹಿಡಿದು ಮೀಥೈಲ್ ಅಂಟಿಸುತ್ತದೆ.

ಯಾರಾದರೂ ಒಬ್ಬರು ಆ ಓಎಚ್ ತೆಗೆದೇ ಬಿಡುತ್ತಾರೆ. ಒಳ್ಳೆಯ ತಪ್ಪು ಅದು. "ಹಾಗಾದರೆ ರಿಸೆಪ್ಟರ್ ಜೊತೆ ಹೈಡ್ರೋಜನ್ ಬಾಂಡ್ ಏನಾಯಿತು?" ಎಂದು ಕೇಳುತ್ತೇನೆ. ಆ ಓಎಚ್ ಇರಲೂ ಬೇಕು, ಎನ್ಜೈಮ್‌ಗೆ ಸಿಗಲೂಬಾರದು. ಒಂದು ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಓಎಚ್‌ಗೂ ಉಂಗುರಕ್ಕೂ ನಡುವೆ ಒಂದು ಕಾರ್ಬನ್ ಸೇರಿಸಿ ತೋರಿಸಿದಳು. ನಾನು ಅದನ್ನೇ ಬೋರ್ಡಿಗೆ ಏರಿಸಿ, ನೈಟ್ರೋಜನ್ ಮೇಲೆ ಟರ್ಷರಿ ಬ್ಯುಟೈಲ್ ಇಟ್ಟೆ. 1969ರಲ್ಲಿ ಬಳಕೆಗೆ ಬಂದ ಸಾಲ್ಬುಟಮಾಲ್ ಅದು. ಆಕೆಯ ಮುಖ ನನಗೆ ಇವತ್ತಿಗೂ ನೆನಪಿದೆ.

ತಪ್ಪು ಬರೆದವರೂ ಆ ಅಣುವನ್ನು ಮರೆಯುವುದಿಲ್ಲ. ತಮ್ಮ ಊಹೆ ಎಲ್ಲಿ ಎಡವಿತು ಎಂದು ಅವರೇ ಕಂಡಿರುತ್ತಾರೆ.

"ಊಹಿಸಿ" ಅಂದ್ರೆ ಯಾರೂ ಬಾಯಿ ಬಿಡುವುದಿಲ್ಲ. ಆಗ?

ಇಡೀ ತರಗತಿಯ ಎದುರು ತಪ್ಪು ಹೇಳಲು ಯಾರಿಗೂ ಮನಸ್ಸಾಗುವುದಿಲ್ಲ. ಅದಕ್ಕೇ ಮೊದಲು ಕಾಗದ, ಆಮೇಲೆ ಪಕ್ಕದವರು, ಕೊನೆಗೆ ಇಡೀ ತರಗತಿ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಬೆಳೆಸಿದ ಪಿಯರ್ ಇನ್‌ಸ್ಟ್ರಕ್ಷನ್‌ನ ದಾರಿಯೂ ಇದೇ. ಒಂದು ಪ್ರಶ್ನೆ, ನಾಲ್ಕು ಆಯ್ಕೆ. ಒಬ್ಬೊಬ್ಬರೂ ತಾವೇ ಯೋಚಿಸಿ ಮತ ಹಾಕುತ್ತಾರೆ. ಸರಿ ಉತ್ತರ ಕೊಟ್ಟವರು ಸುಮಾರು 30ರಿಂದ 70 ಶೇಕಡಾದೊಳಗೆ ಇದ್ದರೆ ಪಕ್ಕದವರ ಜೊತೆ ವಾದ ಮಾಡಲು ಬಿಟ್ಟು ಮತ್ತೆ ಮತ ಕೇಳಬೇಕು. ಅದಕ್ಕಿಂತ ಕಡಿಮೆ ಇದ್ದರೆ ಪಾಠವೇ ಮುಟ್ಟಿಲ್ಲ, ಇನ್ನೊಂದು ಸಲ ವಿವರಿಸಿ. ಜಾಸ್ತಿ ಇದ್ದರೆ ಚುಟುಕಾಗಿ ಹೇಳಿ ಮುಂದೆ ಹೋಗಿ.

ಯಂತ್ರ, ಆ್ಯಪ್ ಯಾವುದೂ ಬೇಡ. ನಾಲ್ಕು ಬಣ್ಣದ ಚೀಟಿ ಸಾಕು. ಎದೆಯ ಹತ್ತಿರ ಹಿಡಿದು ತೋರಿಸಲು ಹೇಳಿ, ಆಗ ಹಿಂದಿನವರಿಗೆ ಕಾಣುವುದಿಲ್ಲ.

ಪ್ರಶ್ನೆ ಕೇಳಿದ ಮೇಲೆ ಸುಮ್ನೆ ನಿಲ್ಲುವುದನ್ನೂ ಅಭ್ಯಾಸ ಮಾಡಿಕೊಳ್ಳಬೇಕು. ಹತ್ತು ಸೆಕೆಂಡು ಮೌನ ನಮಗೆ ಒಂದು ಯುಗದ ಹಾಗೆ ಅನ್ನಿಸುತ್ತದೆ. ಯೋಚಿಸುವವರಿಗೆ ಅದು ಏನೇನೂ ಸಾಲದು.

ಪಿಎಚ್, ಪಿಕೆಎ ಲೆಕ್ಕ ಬಂದ ಕೂಡಲೇ ತರಗತಿ ತಣ್ಣಗಾಗುತ್ತದೆ. ಏನು ಮಾಡಲಿ?

ಸೂತ್ರದಿಂದ ಶುರು ಮಾಡಬೇಡಿ, ಬಾವು ಬಂದ ಹಲ್ಲಿನಿಂದ ಶುರು ಮಾಡಿ.

ವಸಡು ಊದಿ ಕೀವು ತುಂಬಿದ ಜಾಗಕ್ಕೆ ಲಿಡೊಕೇನ್ ಚುಚ್ಚಿದರೆ ಮರಗಟ್ಟುವುದು ಕಷ್ಟ. ಇದು ದಂತವೈದ್ಯರಿಗೆಲ್ಲ ಗೊತ್ತು. ಯಾಕೆ ಹಾಗೆ? ಮೊದಲು ಊಹೆ ಬರೆಸಿ. ಆಮೇಲೆ ಸಂಖ್ಯೆಗಳನ್ನು ಕೊಡಿ. ಲಿಡೊಕೇನ್‌ನ ಪಿಕೆಎ, ಅಂದರೆ ಅರ್ಧ ಅಣುಗಳು ಚಾರ್ಜ್ ಆಗಿರುವ ಪಿಎಚ್, ಸುಮಾರು 7.9. ಆರೋಗ್ಯವಾದ ಅಂಗಾಂಶದ ಪಿಎಚ್ 7.4. ಸೋಂಕು ತಗಲಿದ ಕಡೆ ಪಿಎಚ್ ಇಳಿಯುತ್ತದೆ, ಲೆಕ್ಕಕ್ಕೆ 6.4 ಇಟ್ಟುಕೊಳ್ಳೋಣ. ಈಗ ಪಿಎಚ್, ಪಿಕೆಎಯಿಂದ ಚಾರ್ಜ್ ಇಲ್ಲದ ಅಣುಗಳ ಪಾಲು ತಿಳಿಸುವ ಹೆಂಡರ್ಸನ್–ಹ್ಯಾಸೆಲ್‌ಬಾಲ್ಕ್ ಸಮೀಕರಣ ಕೈಗೆ ಕೊಡಿ.

7.4ರಲ್ಲಿ ಚಾರ್ಜ್ ಇಲ್ಲದ ಅಣುಗಳು 100ಕ್ಕೆ ಸುಮಾರು 24. 6.4ರಲ್ಲಿ ಸುಮಾರು 3. ನರದ ಪೊರೆ ದಾಟುವುದು ಚಾರ್ಜ್ ಇಲ್ಲದ ರೂಪ. 24 ಇದ್ದದ್ದು 3 ಆಯಿತು ಎಂದು ತಮ್ಮ ಕೈಯಾರೆ ಲೆಕ್ಕ ಹಾಕಿದವರಿಗೆ ಹಲ್ಲು ಯಾಕೆ ಮರಗಟ್ಟಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಅಲ್ಲಿಗೇ ಬಿಡಬೇಡಿ. "ಹಾಗಾದರೆ ಯಾವತ್ತೂ ಚಾರ್ಜ್ ಆಗದ ಲಿಡೊಕೇನ್ ಮಾಡಿದರೆ ಇನ್ನೂ ಒಳ್ಳೆಯದಲ್ವಾ?" ಎಂದು ಕೇಳಿ. ಬಹಳ ಜನ ಹೌದು ಎಂದು ಬರೆಯುತ್ತಾರೆ. ಆದರೆ ಪೊರೆಯ ಒಳಗೆ ಹೋದ ಮೇಲೆ ಸೋಡಿಯಂ ಚಾನೆಲ್‌ನಲ್ಲಿ ಕೂತು ಅದನ್ನು ಮುಚ್ಚುವ ಕೆಲಸ ಬಹುಪಾಲು ಚಾರ್ಜ್ ಇರುವ ರೂಪದ್ದು. ದಾಟಲು ಒಂದು ರೂಪ, ಕೆಲಸಕ್ಕೆ ಇನ್ನೊಂದು. ಪಿಕೆಎ ಎಂದರೆ ಈ ಎರಡರ ನಡುವಿನ ಹೊಂದಾಣಿಕೆ. ಇದು ಒಂದು ಸಲ ಹೊಳೆದರೆ ಸಮೀಕರಣದ ಭಯ ತಾನಾಗಿ ಇಳಿಯುತ್ತದೆ.

ಔಷಧ ಕಂಡುಹಿಡಿದ ಕಥೆ ಹೇಳುತ್ತಾ ಕೂತರೆ ಪಾಠದ ಹೊತ್ತು ಹಾಳಾಗುವುದಿಲ್ವಾ?

ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದರೆ ಹಾಳಾಗುತ್ತದೆ. ಕೇಳಲು ಚೆನ್ನಾಗಿರುತ್ತದೆ, ತಲೆಯಲ್ಲಿ ಉಳಿಯುವುದಿಲ್ಲ. ಕಥೆಯನ್ನು ತಿರುವಿನಲ್ಲಿ ನಿಲ್ಲಿಸಬೇಕು.

ನನಗೆ ಅಚ್ಚುಮೆಚ್ಚಿನದು ಹೊಟ್ಟೆಯ ಅಲ್ಸರ್‌ನ ಔಷಧ ಸಿಮೆಟಿಡಿನ್‌ನ ಕಥೆ. ಜೇಮ್ಸ್ ಬ್ಲ್ಯಾಕ್ ತಂಡ 1964ರಲ್ಲಿ ಕೆಲಸ ಶುರು ಮಾಡಿತು. ಹೊಟ್ಟೆಯಲ್ಲಿ ಆಮ್ಲ ಸುರಿಸುವ ಹಿಸ್ಟಮಿನ್ ರಿಸೆಪ್ಟರನ್ನು ತಡೆಯಬೇಕು. ಆಗಿನ ಹಿಸ್ಟಮಿನ್ ವಿರೋಧಿ ಮಾತ್ರೆಗಳು ಯಾವುವೂ ಹೊಟ್ಟೆಯ ಆಮ್ಲವನ್ನು ತಡೆಯುತ್ತಿರಲಿಲ್ಲ. ಕೈಯಲ್ಲಿರುವುದು ಹಿಸ್ಟಮಿನ್ ಅಣು ಮಾತ್ರ. ಮೊದಲ ತಡೆ: ಅದನ್ನು ಎಲ್ಲಿಂದ ಬದಲಾಯಿಸುತ್ತೀರಿ, ಉಂಗುರವನ್ನಾ ಬಾಲವನ್ನಾ? ಬರೆಯಿರಿ.

ಆ ತಂಡ ಬಾಲದ ತುದಿಗೆ ಗ್ವಾನಿಡಿನ್ ಇಟ್ಟಿತು. ಅಣು ಸ್ವಲ್ಪ ತಡೆಯಿತು, ಸ್ವಲ್ಪ ಪ್ರಚೋದಿಸಿತು. ಎರಡನೆಯ ತಡೆ: ಪ್ರಚೋದಿಸುವ ಗುಣ ಮಾತ್ರ ಹೋಗಬೇಕು, ಏನು ಮಾಡುತ್ತೀರಿ? ಬಾಲ ಉದ್ದ ಮಾಡಿ, ಚಾರ್ಜ್ ಇಲ್ಲದ ಥಯೋಯೂರಿಯಾ ಇಟ್ಟರು, ಬ್ಯುರಿಮಮೈಡ್ ಬಂತು. ಅದನ್ನು ನುಂಗಿದರೆ ಸಾಕಷ್ಟು ಕೆಲಸ ಮಾಡಲಿಲ್ಲ. ಬಾಲದೊಳಗೆ ಒಂದು ಗಂಧಕ, ಉಂಗುರದ ಮೇಲೆ ಒಂದು ಮೀಥೈಲ್ ಬಂದು ಮೆಟಿಯಮೈಡ್ ಆಯಿತು. ಅಲ್ಸರ್ ಮಾಯುತ್ತಿತ್ತು. ಆದರೆ ಕೆಲವು ರೋಗಿಗಳಲ್ಲಿ ಬಿಳಿ ರಕ್ತಕಣ ಕುಸಿಯಿತು.

ಇಲ್ಲಿ ನಾನು ಚಾಕ್‌ಪೀಸ್ ಕೆಳಗಿಟ್ಟು ಐದು ನಿಮಿಷ ಕೊಡುತ್ತೇನೆ. ಅನುಮಾನ ಥಯೋಯೂರಿಯಾ ಮೇಲೆ. ಅದನ್ನು ತೆಗೆಯಬೇಕು, ಆಕಾರ ಕೆಡಬಾರದು. ವಾಪಸ್ ಗ್ವಾನಿಡಿನ್ ಇಟ್ಟರೆ ಅದು ತುಂಬಾ ಪ್ರಬಲ ಕ್ಷಾರ, ಪ್ರೋಟಾನ್ ಹಿಡಿದು ಚಾರ್ಜ್ ಆಗಿಬಿಡುತ್ತದೆ. ಅದರ ಕ್ಷಾರಗುಣ ಇಳಿಸುವುದು ಹೇಗೆ? ಎಲೆಕ್ಟ್ರಾನ್ ಎಳೆಯುವ ಗ್ರೂಪ್‌ಗಳನ್ನು ಆರ್ಗ್ಯಾನಿಕ್‌ನಲ್ಲಿ ಕಲಿತದ್ದು ಅವರಿಗೆ ಈಗ ಉಪಯೋಗಕ್ಕೆ ಬರುತ್ತದೆ. ಒಬ್ಬರು ನೈಟ್ರೋ ಅನ್ನುತ್ತಾರೆ, ಇನ್ನೊಬ್ಬರು ಸಯನೋ ಅನ್ನುತ್ತಾರೆ. ಎರಡೂ ತಲೆ ಓಡಿಸಿ ಬಂದ ಉತ್ತರಗಳೇ. ಸಯನೋಗ್ವಾನಿಡಿನ್ ಇಟ್ಟ ಅಣು ಸಿಮೆಟಿಡಿನ್, 1976ರಲ್ಲಿ ಮಾರುಕಟ್ಟೆಗೆ ಬಂತು. ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಸಿಕ್ಕಿತು.

ಒಂದು ಗಂಟೆ ಹಿಡಿಯುತ್ತದೆ, ನಿಜ. ಆ ಒಂದು ಗಂಟೆಯಲ್ಲಿ ಟಾಟೊಮರಿಸಂ (ಅಣುವಿನೊಳಗೆ ಹೈಡ್ರೋಜನ್ ಜಾಗ ಬದಲಿಸುವುದು), ಪಿಕೆಎ, ಬಯೋಐಸೋಸ್ಟೀರ್ (ಒಂದರ ಬದಲು ಇಡಬಹುದಾದ ಅದೇ ಥರದ ಗ್ರೂಪ್), ವಿಷಗುಣ ಎಲ್ಲವೂ ಬಂದುಹೋಗುತ್ತವೆ. ಅದೂ ಬೇಕಾದ ಹೊತ್ತಿಗೆ ಬೇಕಾಗಿಯೇ ಬರುತ್ತವೆ.

ಥ್ಯಾಲಿಡೊಮೈಡ್ ಉದಾಹರಣೆ ಎಲ್ಲರೂ ಕೊಡುತ್ತಾರೆ. ನಾನೂ ಕೊಡಬಹುದಾ?

ಕೊಡಿ, ಆದರೆ ಪೂರ್ತಿ ಕೊಡಿ. ಗರ್ಭಿಣಿಯರೂ ನುಂಗಿದ ನಿದ್ದೆಯ ಔಷಧ ಇದು. ಇದರ ಅಣುವಿಗೆ ಕನ್ನಡಿ ಬಿಂಬದ ಹಾಗೆ ಎರಡು ರೂಪ, ಆರ್ ಮತ್ತು ಎಸ್. "ಆರ್ ರೂಪ ನಿದ್ದೆ ಬರಿಸುತ್ತದೆ, ಎಸ್ ರೂಪ ಭ್ರೂಣಕ್ಕೆ ಕೆಡುಕು, ಆರ್ ಮಾತ್ರ ಕೊಟ್ಟಿದ್ದರೆ ದುರಂತ ತಪ್ಪುತ್ತಿತ್ತು" ಎಂದು ಹೇಳಿ ಮುಗಿಸುವುದು ವಾಡಿಕೆ. ಅದು ತಪ್ಪು. ದೇಹದೊಳಗೆ ಆ ಎರಡು ರೂಪಗಳು ಒಂದಕ್ಕೊಂದು ಬದಲಾಗುತ್ತಲೇ ಇರುತ್ತವೆ. ಶುದ್ಧ ಆರ್ ರೂಪ ನುಂಗಿದರೂ ರಕ್ತದಲ್ಲಿ ಎಸ್ ಬಂದುಬಿಡುತ್ತದೆ.

ಈ ತಪ್ಪನ್ನೇ ಪ್ರಶ್ನೆ ಮಾಡಿಕೊಳ್ಳಿ. ಸ್ಟ್ರಕ್ಚರ್ ತೋರಿಸಿ, ಕೈರಲ್ ಕಾರ್ಬನ್ (ಆ ಎರಡು ರೂಪಕ್ಕೆ ಕಾರಣವಾದ ಕಾರ್ಬನ್) ಮೇಲಿನ ಹೈಡ್ರೋಜನ್ ಕಡೆ ಬೆರಳು ಮಾಡಿ, "ಇದು ಸುಲಭವಾಗಿ ಬಿಟ್ಟುಹೋಗುತ್ತದಾ?" ಎಂದು ಕೇಳಿ. ಪಕ್ಕದ ಕಾರ್ಬೊನೈಲನ್ನು ಗಮನಿಸಿದವರು ತಾವೇ ಉತ್ತರ ಹೇಳುತ್ತಾರೆ. 1957ರಲ್ಲಿ ಮಾರುಕಟ್ಟೆಗೆ ಬಂದ ಈ ಔಷಧವನ್ನು 1961ರ ಕೊನೆಯಲ್ಲಿ ಹಿಂತೆಗೆದುಕೊಂಡರು. ಅಷ್ಟರಲ್ಲಿ ಸಾವಿರಾರು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ್ದರು. ಆ ಮಾತನ್ನು ನಾನು ತರಗತಿಯಲ್ಲಿ ನಿಧಾನವಾಗಿ, ತಡೆದು ಹೇಳುತ್ತೇನೆ. ನಮ್ಮ ವಿಷಯ ಮನುಷ್ಯರ ಮೈಗೆ ತಾಗುವಂಥದ್ದು ಎಂದು ವಿದ್ಯಾರ್ಥಿಗಳಿಗೆ ಅನ್ನಿಸಬೇಕು.

ಹಾಗಾದರೆ ಸ್ಟ್ರಕ್ಚರ್‌ಗಳನ್ನು ಬಾಯಿಪಾಠ ಮಾಡೋದೇ ಬೇಡವಾ?

ಬೇಕು. ಅಕ್ಷರ ಗೊತ್ತಿಲ್ಲದೆ ಓದಲು ಆಗುವುದಿಲ್ಲ. ಬೀಟಾ ಲ್ಯಾಕ್ಟಮ್, ಸ್ಟೀರಾಯ್ಡ್, ಸಲ್ಫೋನಮೈಡ್, ಬೆಂಜೋಡಯಜೆಪೀನ್ ಥರದ ಮೂಲ ಚೌಕಟ್ಟುಗಳು ಕೈಗೆ ಬರಲೇಬೇಕು. ಆದರೆ ಒಂದೇ ಗುಂಪಿನ ಹನ್ನೆರಡು ಔಷಧಗಳ ಪೂರ್ತಿ ಚಿತ್ರ ನೆನಪಿಟ್ಟುಕೊಳ್ಳುವುದರಿಂದ ಏನೂ ಸಿಗುವುದಿಲ್ಲ.

ನೆನಪಿಗೆ ಒಳ್ಳೆಯ ದಾರಿ ಮತ್ತೆ ಮತ್ತೆ ಓದುವುದಲ್ಲ, ಪುಸ್ತಕ ಮುಚ್ಚಿ ಬರೆದು ನೋಡುವುದು. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದು ನೋಡಿದ್ದವರು ಮುಂದೆ ಬಂದರು. ಹಾಗಾಗಿ ತರಗತಿಯ ಮೊದಲ ಮೂರು ನಿಮಿಷ ಹಿಂದಿನ ವಾರದ ಒಂದು ಚೌಕಟ್ಟನ್ನು ಖಾಲಿ ಹಾಳೆಯಲ್ಲಿ ಬರೆಸಿ. ಅಂಕ ಬೇಡ. ಅವರೇ ತಿದ್ದಿಕೊಳ್ಳಲಿ.

ಫ್ಲಿಪ್ಡ್ ಕ್ಲಾಸ್ (ಪಾಠ ಮನೆಯಲ್ಲಿ ವಿಡಿಯೋ ನೋಡಿ, ಅಭ್ಯಾಸ ತರಗತಿಯಲ್ಲಿ) ಮಾಡಿದೆ. ಯಾರೂ ವಿಡಿಯೋ ನೋಡದೇ ಬಂದರು.

ಎರಡು ಕಾರಣ ಇರಬಹುದು. ವಿಡಿಯೋ ಉದ್ದ ಇತ್ತು, ಇಲ್ಲವೇ ನೋಡದಿದ್ದರೂ ನಡೆಯಿತು. ಹತ್ತು ನಿಮಿಷ ಮೀರದ ವಿಡಿಯೋ ಅಥವಾ ಎರಡು ಪುಟದ ಓದು ಸಾಕು. ಅದರ ಜೊತೆಗೆ ಒಂದೇ ಒಂದು ಪ್ರಶ್ನೆ ಕೊಡಿ, ಉತ್ತರ ಬರೆದ ಚೀಟಿಯೇ ತರಗತಿಯ ಪ್ರವೇಶ ಚೀಟಿ. ಮುಖ್ಯವಾದ ಮಾತು ಇನ್ನೊಂದಿದೆ. ನೋಡದೇ ಬಂದವರಿಗಾಗಿ ವಿಡಿಯೋದಲ್ಲಿದ್ದ ಪಾಠವನ್ನೇ ಮತ್ತೆ ಮಾಡಬೇಡಿ. ಒಂದು ಸಲ ಹಾಗೆ ಮಾಡಿದರೆ ಮುಂದಿನ ವಾರ ನೋಡಿಕೊಂಡು ಬಂದವರೂ ನೋಡುವುದು ಬಿಡುತ್ತಾರೆ. ನನ್ನ ತರಗತಿಯಲ್ಲೇ ಹೀಗಾಯಿತು. ಸರಿದಾರಿಗೆ ತರಲು ಒಂದು ಇಡೀ ಸೆಮಿಸ್ಟರ್ ಬೇಕಾಯಿತು.

ಗುಂಪು ಕೆಲಸ ಅಂದ್ರೆ ಒಬ್ಬರು ಮಾಡುತ್ತಾರೆ, ಉಳಿದವರು ನೋಡುತ್ತಾರೆ. ಇದಕ್ಕೆ ಮದ್ದು?

ಒಬ್ಬರೇ ಮಾಡಿ ಮುಗಿಸಬಹುದಾದ ಕೆಲಸ ಕೊಟ್ಟರೆ ಒಬ್ಬರೇ ಮಾಡುತ್ತಾರೆ. ಕೆಲಸವನ್ನೇ ಹಂಚಿಕೊಂಡು ಬರುವ ಹಾಗೆ ಕಟ್ಟಬೇಕು.

ಎಲಿಯಟ್ ಅರಾನ್‌ಸನ್ 1971ರಲ್ಲಿ ಶಾಲಾ ಮಕ್ಕಳಿಗಾಗಿ ರೂಪಿಸಿದ ಜಿಗ್‌ಸಾ ವಿಧಾನ ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದ ಹಾಗಿದೆ. ಪೆನಿಸಿಲಿನ್ ಪಾಠ ತೆಗೆದುಕೊಳ್ಳಿ. ಒಬ್ಬರಿಗೆ ಆಮ್ಲದಲ್ಲಿ ಒಡೆಯದ ಪೆನಿಸಿಲಿನ್, ಇನ್ನೊಬ್ಬರಿಗೆ ಬೀಟಾ ಲ್ಯಾಕ್ಟಮೇಸ್ (ಪೆನಿಸಿಲಿನ್ ಒಡೆಯುವ ಬ್ಯಾಕ್ಟೀರಿಯಾದ ಎನ್ಜೈಮ್) ತಡೆದುಕೊಳ್ಳುವುದು, ಮೂರನೆಯವರಿಗೆ ಹೆಚ್ಚು ಬಗೆಯ ಬ್ಯಾಕ್ಟೀರಿಯಾ ಕೊಲ್ಲುವುದು. ಒಂದೇ ಭಾಗ ಸಿಕ್ಕ ಎಲ್ಲರೂ ಸೇರಿ ಮೊದಲು ಅದನ್ನು ಚರ್ಚಿಸುತ್ತಾರೆ. ಆಮೇಲೆ ತಂತಮ್ಮ ಗುಂಪಿಗೆ ಮರಳಿ ಪಾಠ ಹೇಳುತ್ತಾರೆ. ಕೊನೆಯ ಪ್ರಶ್ನೆಗೆ ಮೂರೂ ಭಾಗ ಬೇಕಾಗಬೇಕು. ಇಲ್ಲದಿದ್ದರೆ ಆಟ ಕೆಡುತ್ತದೆ.

ಟೀಮ್ ಬೇಸ್ಡ್ ಲರ್ನಿಂಗ್‌ನಲ್ಲಿ ಮೊದಲು ಒಬ್ಬೊಬ್ಬರೇ ಕಿರುಪರೀಕ್ಷೆ ಬರೆಯುತ್ತಾರೆ, ಆಮೇಲೆ ಅದೇ ಪರೀಕ್ಷೆಯನ್ನು ತಂಡವಾಗಿ ಬರೆಯುತ್ತಾರೆ. ಒಂಟಿ ಅಂಕವೂ ಲೆಕ್ಕಕ್ಕೆ ಬರುವುದರಿಂದ ಸುಮ್ನೆ ಕೂರಲು ಆಗುವುದಿಲ್ಲ. ಗುಂಪಾಗಿ ಹುಡುಕಿ ಕಲಿಯುವ ಪೋಗಿಲ್ ವಿಧಾನದಲ್ಲಿ ಒಬ್ಬೊಬ್ಬರಿಗೂ ಒಂದು ಪಾತ್ರ: ನಡೆಸುವವರು, ಬರೆಯುವವರು, ಮಾತಾಡುವವರು, ಗಮನಿಸುವವರು. ಪಾತ್ರಗಳನ್ನು ವಾರ ವಾರ ಬದಲಿಸಿ. ಇಲ್ಲದಿದ್ದರೆ ಅಕ್ಷರ ಚೆನ್ನಾಗಿರುವವರೇ ವರ್ಷವಿಡೀ ಬರೆಯುತ್ತಾ ಕೂರುತ್ತಾರೆ.

ಗುಂಪಿನಲ್ಲಿ ನಾಲ್ಕೈದು ಜನ ಸಾಕು. ಯಾರು ಯಾವ ಗುಂಪಿಗೆ ಎಂದು ನೀವೇ ಹಂಚಿ. ಗೆಳೆಯರು ಗೆಳೆಯರೇ ಸೇರಿದರೆ ವಾದ ಆಗುವುದಿಲ್ಲ, ಹರಟೆ ಆಗುತ್ತದೆ.

ತರಗತಿಯಲ್ಲಿ 150 ಜನ ಇದ್ದರೆ ಇದೆಲ್ಲ ಆಗುತ್ತದಾ?

ಆಗುತ್ತದೆ. ಬಣ್ಣದ ಚೀಟಿ, ಪಕ್ಕದವರ ಜೊತೆ ವಾದ, ಒಂದು ನಿಮಿಷದ ಬರಹ, ಈ ಮೂರಕ್ಕೂ ಸಂಖ್ಯೆ ಅಡ್ಡಿಯಲ್ಲ. ಅಷ್ಟೂ ಹಾಳೆ ಓದಬೇಕಿಲ್ಲ. ಇಪ್ಪತ್ತು ಎತ್ತಿ ಓದಿದರೆ ಎಲ್ಲಿ ಎಡವಿದ್ದಾರೆ ಎಂದು ಗೊತ್ತಾಗುತ್ತದೆ.

ಲ್ಯಾಬ್‌ನಲ್ಲಿ ಅಡುಗೆ ಪುಸ್ತಕ ನೋಡಿ ಮಾಡಿದ ಹಾಗೆ ಮಾಡಿ ಹೋಗುತ್ತಾರೆ. ಯೋಚಿಸುವಂತೆ ಮಾಡುವುದು ಹೇಗೆ?

ಪ್ರಯೋಗ ಬದಲಿಸಬೇಕಾಗಿಲ್ಲ, ಅದೇ ಆಸ್ಪಿರಿನ್ ಸಾಕು. ಕೇಳುವ ಪ್ರಶ್ನೆ ಬದಲಿಸಿ.

2 ಗ್ರಾಂ ಸ್ಯಾಲಿಸಿಲಿಕ್ ಆಮ್ಲದಿಂದ ಹೆಚ್ಚೆಂದರೆ ಸುಮಾರು 2.61 ಗ್ರಾಂ ಆಸ್ಪಿರಿನ್ ಬರಬಹುದು. ಒಂದು ಮಧ್ಯಾಹ್ನ ಒಬ್ಬ ಹುಡುಗ 3.1 ಗ್ರಾಂ ಬಂತು ಎಂದು ಖುಷಿಯಿಂದ ತಂದು ತೋರಿಸಿದ. ಲೆಕ್ಕ ಹಾಕಿದರೆ 119 ಶೇಕಡಾ. "ಇಲ್ಲದ ದ್ರವ್ಯ ಎಲ್ಲಿಂದ ಬಂತು?" ಎಂದೆ. ಅವನು ಫಿಲ್ಟರ್ ಪೇಪರ್ ಮುಟ್ಟಿ ನೋಡಿದ. ಒದ್ದೆ. ಒಣಗಿಸಿ ತೂಗಿದ, ಮತ್ತೆ ಒಣಗಿಸಿ ತೂಗಿದ, ತೂಕ ಒಂದೇ ಕಡೆ ನಿಲ್ಲುವ ತನಕ ಬಿಡಲಿಲ್ಲ. "ಸ್ಥಿರ ತೂಕ ಬರುವವರೆಗೆ ಒಣಗಿಸಿ" ಎಂದು ಕೈಪಿಡಿಯಲ್ಲಿ ಬರೆದದ್ದು ಅವನಿಗೆ ಅವತ್ತು ಅರ್ಥವಾಯಿತು. ನಾನು ಬೈದು ಅಂಕ ಕಳೆದಿದ್ದರೆ ಅದು ಆಗುತ್ತಿರಲಿಲ್ಲ.

ಇನ್ನೊಂದು ಉಪಾಯ: ಎಲ್ಲ ಗುಂಪೂ ಒಂದೇ ಕೆಲಸ ಮಾಡುವುದು ಬೇಡ. ಒಂದು ಗುಂಪು ಹರಳನ್ನು ಶುದ್ಧ ಮಾಡದೇ ಇಡಲಿ, ಒಂದು ಗುಂಪು ಒಮ್ಮೆ ಮರುಹರಳು ಮಾಡಲಿ, ಇನ್ನೊಂದು ಎರಡು ಸಲ. ಆಮೇಲೆ ಎಲ್ಲವನ್ನೂ ಒಂದೇ ಮೇಜಿನ ಮೇಲೆ ಸಾಲಾಗಿಟ್ಟು ಫೆರಿಕ್ ಕ್ಲೋರೈಡ್ ಹಾಕಿ. ಸ್ಯಾಲಿಸಿಲಿಕ್ ಆಮ್ಲ ಉಳಿದಿರುವ ಕಡೆ ನೇರಳೆ ಬಣ್ಣ ಏಳುತ್ತದೆ. ಯಾವ ಕೊಳವೆ ಎಷ್ಟು ನೇರಳೆ ಆಗುತ್ತದೆ ಎಂದು ಹನಿ ಬೀಳುವ ಮೊದಲೇ ಬರೆದಿಟ್ಟಿರಬೇಕು. ಕರಗುವ ಬಿಂದುವನ್ನೂ ಹಾಗೆಯೇ ಹೋಲಿಸಿ. ಕಲಬೆರಕೆ ಇದ್ದದ್ದು ಬೇಗ ಕರಗಲು ಶುರುವಾಗಿ ನಿಧಾನಕ್ಕೆ ಮುಗಿಯುತ್ತದೆ, ಶುದ್ಧವಾದದ್ದು 135 ಡಿಗ್ರಿ ಆಸುಪಾಸಿನಲ್ಲಿ ತಟ್ಟನೆ ಕರಗುತ್ತದೆ.

ರೆಕಾರ್ಡ್ ಪುಸ್ತಕದಲ್ಲಿ ವಿಧಾನ ನಕಲು ಮಾಡಿಸುವುದನ್ನು ನಾನು ನಿಲ್ಲಿಸಿದ್ದೇನೆ. ಆ ಜಾಗದಲ್ಲಿ ಮೂರು ಸಾಲು: ಏನಾಗುತ್ತದೆ ಎಂದುಕೊಂಡೆ, ಏನಾಯಿತು, ಯಾಕೆ ಬೇರೆಯಾಯಿತು.

ಕಂಪ್ಯೂಟರ್ ಮಾಡೆಲ್, ದುಬಾರಿ ಸಾಫ್ಟ್‌ವೇರ್ ಬೇಕೇ ಬೇಕಾ?

ಬೇಕಿಲ್ಲ. ಪ್ರೋಟೀನ್‌ಗಳ ರಚನೆಗಳ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕ್ 1971ರಿಂದ ಇದೆ, ಯಾರು ಬೇಕಾದರೂ ಉಚಿತವಾಗಿ ಬ್ರೌಸರ್‌ನಲ್ಲೇ ತೆರೆದು ತಿರುಗಿಸಿ ನೋಡಬಹುದು. ರಾಸಾಯನಿಕಗಳ ಮಾಹಿತಿ ಕೊಡುವ ಪಬ್‌ಕೆಮ್, ಅಣು ದೇಹದಲ್ಲಿ ಹೇಗೆ ಸಾಗೀತು ಎಂದು ಅಂದಾಜಿಸುವ ಸ್ವಿಸ್‌ಎಡಿಎಂಇ ಕೂಡ ಹಾಗೆಯೇ.

ಆದರೆ "ತೆರೆದು ನೋಡಿ" ಎಂದಷ್ಟೇ ಹೇಳಿದರೆ ಬಣ್ಣ ಬಣ್ಣದ ರಿಬ್ಬನ್ ನೋಡಿ ಮುಚ್ಚುತ್ತಾರೆ. ಹುಡುಕಲು ಏನಾದರೂ ಕೊಡಿ. ನಾನು ಕೊಡುವುದು ಇದು, ನೋವಿನ ಮಾತ್ರೆಗಳು ತಡೆಯುವ ಕಾಕ್ಸ್ ಎನ್ಜೈಮ್‌ಗಳದ್ದು: ಕಾಕ್ಸ್-1ರಲ್ಲಿ 523ನೇ ಜಾಗದಲ್ಲಿ ಐಸೊಲ್ಯೂಸಿನ್ ಎಂಬ ಅಮೈನೋ ಆಮ್ಲ, ಕಾಕ್ಸ್-2ರಲ್ಲಿ ಅದೇ ಜಾಗದಲ್ಲಿ ವ್ಯಾಲಿನ್. ಒಂದೇ ಒಂದು ಕಾರ್ಬನ್ ವ್ಯತ್ಯಾಸ. ಆ ಚಿಕ್ಕ ಜಾಗದಿಂದ ಪಕ್ಕದಲ್ಲೊಂದು ಕೋಣೆ ತೆರೆದುಕೊಳ್ಳುತ್ತದೆ. ಕಾಕ್ಸ್-2ನ್ನೇ ಹೆಚ್ಚು ತಡೆಯುವ ಸೆಲೆಕಾಕ್ಸಿಬ್‌ನ ಯಾವ ಭಾಗ ಆ ಕೋಣೆಗೆ ಹೋಗಿ ಕೂರುತ್ತದೆ, ಹುಡುಕಿ. ಸಲ್ಫೋನಮೈಡ್ ಅಲ್ಲಿ ಕೂತಿರುವುದನ್ನು ತಾವೇ ತಿರುಗಿಸಿ ಕಂಡಾಗ ತರಗತಿಯಲ್ಲಿ ಒಂದು ಸಣ್ಣ "ಓಹ್" ಕೇಳಿಸುತ್ತದೆ. ಕೈರಾಲಿಟಿಗೆ ಮಾತ್ರ ನನ್ನ ಮತ ಕೈಯಲ್ಲಿ ಹಿಡಿಯುವ ಚೆಂಡು–ಕಡ್ಡಿ ಮಾದರಿಗೆ. ಪರದೆಯ ಮೇಲೆ ನೋಡಿದವರಿಗಿಂತ ಕೈಯಲ್ಲಿ ತಿರುಗಿಸಿದವರಿಗೆ ಬೇಗ ಹಿಡಿತ ಸಿಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಮನೆಗೆಲಸವನ್ನೆಲ್ಲ ಚಾಟ್‌ಬಾಟ್ ಹತ್ತಿರ ಮಾಡಿಸಿಕೊಂಡು ಬರುತ್ತಾರೆ.

ಮೊದಲ ಊಹೆ ತರಗತಿಯಲ್ಲೇ, ಕೈಬರಹದಲ್ಲಿ ಆಗಲಿ. ಮನೆಗೆ ತಿದ್ದುವ ಕೆಲಸ ಕೊಡಿ. ಚಾಟ್‌ಬಾಟ್ ಬರೆದ ಎಸ್‌ಎಆರ್ ವಿವರಣೆಯನ್ನು ಪಠ್ಯದ ಜೊತೆ ಹೋಲಿಸಿ, ಯಾವ ಮಾತು ಸ್ಟ್ರಕ್ಚರ್‌ಗೆ ಹೊಂದುವುದಿಲ್ಲ ಎಂದು ಗುರುತಿಸಲಿ. ತಪ್ಪು ಹಿಡಿಯಲು ವಿಷಯ ಗೊತ್ತಿರಲೇಬೇಕು.

ಹೀಗೆ ಮಾಡುತ್ತಾ ಹೋದರೆ ಸಿಲಬಸ್ ಮುಗಿಯುವುದೇ ಇಲ್ಲವಲ್ಲ?

ಇದು ಎಲ್ಲರ ದೊಡ್ಡ ಭಯ, ನನಗೂ ಇತ್ತು. ಎಲ್ಲವನ್ನೂ ತರಗತಿಯಲ್ಲಿ ನಾವೇ ಹೇಳಬೇಕು ಎಂಬ ಹಟ ಬಿಟ್ಟರೆ ಮುಗಿಯುತ್ತದೆ. ಒಂದೊಂದು ಗುಂಪಿನಿಂದ ಒಂದು ಔಷಧವನ್ನು ಆಳವಾಗಿ ಮಾಡಿ. ಉಳಿದವನ್ನು "ಇದು ಅದಕ್ಕಿಂತ ಹೇಗೆ ಬೇರೆ?" ಎಂಬ ಒಂದು ಪುಟದ ಪಟ್ಟಿಯಲ್ಲಿ ಅವರೇ ತುಂಬಲಿ. ನಾನು ಹೇಳಿ ಮುಗಿಸಿದೆ ಎಂದ ಮಾತ್ರಕ್ಕೆ ಅವರು ಕಲಿತರು ಎಂದಾಗುವುದಿಲ್ಲ. ಆ ಉತ್ತರ ಪತ್ರಿಕೆಗಳನ್ನು ನಾವೇ ಓದುತ್ತೇವಲ್ಲ, ನಮಗೇ ಗೊತ್ತು.

ಪರೀಕ್ಷೆಯಲ್ಲಿ ಇನ್ನೂ "ಸಂಶ್ಲೇಷಣೆ ಬರೆಯಿರಿ, ಉಪಯೋಗ ಬರೆಯಿರಿ" ಅಂತಲೇ ಕೇಳುತ್ತಾರೆ. ಆಗ?

ಅಂತಿಮ ಪರೀಕ್ಷೆ ನಿಮ್ಮ ಕೈಯಲ್ಲಿಲ್ಲದಿದ್ದರೂ ಆಂತರಿಕ ಪರೀಕ್ಷೆ ಇದೆ. ಅಲ್ಲಿ ಸ್ಟ್ರಕ್ಚರ್ ಕೊಟ್ಟುಬಿಡಿ, ತರ್ಕ ಕೇಳಿ. ಅಲರ್ಜಿಯ ಎರಡು ಔಷಧಗಳ ಮೇಲೆ ನಾನು ಇಷ್ಟಪಡುವ ಒಂದು ಪ್ರಶ್ನೆ:

ಟರ್ಫೆನಡಿನ್ ಮತ್ತು ಫೆಕ್ಸೊಫೆನಡಿನ್ ಸ್ಟ್ರಕ್ಚರ್‌ಗಳು ಇಲ್ಲಿವೆ. ಎಲ್ಲಿ ವ್ಯತ್ಯಾಸ ಇದೆ? ಮೊದಲನೆಯದು ದೇಹದಲ್ಲಿ ಎರಡನೆಯದಾಗಿ ಬದಲಾಗುವುದು ಯಾವ ಬಗೆಯ ಕ್ರಿಯೆ? ಆ ಕೆಲಸ ಮಾಡುವ ಸಿವೈಪಿ3ಎ4 ಎನ್ಜೈಮನ್ನು ಶಿಲೀಂಧ್ರದ ಸೋಂಕಿನ ಔಷಧ ಕೀಟೊಕೊನಜೋಲ್ ತಡೆದರೆ ರೋಗಿಯ ಹೃದಯಕ್ಕೆ ಯಾಕೆ ಅಪಾಯ?

ಒಂದು ಮೀಥೈಲ್ ಕಾರ್ಬಾಕ್ಸಿಲಿಕ್ ಆಮ್ಲವಾದದ್ದೇ ವ್ಯತ್ಯಾಸ. ಎನ್ಜೈಮ್ ನಿಂತರೆ ಟರ್ಫೆನಡಿನ್ ರಕ್ತದಲ್ಲಿ ಏರಿ ಹೃದಯದ ಪೊಟ್ಯಾಸಿಯಂ ಚಾನೆಲನ್ನು ತಡೆಯುತ್ತದೆ. ಬಡಿತದ ಲಯ ತಪ್ಪುತ್ತದೆ. ಇಂಥ ಪ್ರಶ್ನೆಗೆ ತಯಾರಾದವರು ಹಳೆಯ ಥರದ ಪ್ರಶ್ನೆಗೂ ಬರೆಯುತ್ತಾರೆ, ಉಲ್ಟಾ ನಡೆಯುವುದು ಅಪರೂಪ. ಅಂತಿಮ ಪರೀಕ್ಷೆಯ ಹಳೆಯ ಪ್ರಶ್ನೆಗಳನ್ನೂ ಕಡೆಯ ಎರಡು ವಾರ ಅಭ್ಯಾಸ ಮಾಡಿಸಿ. ಅವರ ಅಂಕದ ಚಿಂತೆ ಸಣ್ಣದಲ್ಲ, ಅದನ್ನು ಗೌರವಿಸಬೇಕು.

ವಿದ್ಯಾರ್ಥಿಗಳೇ "ನೀವೇ ಪಾಠ ಮಾಡಿಬಿಡಿ" ಅಂತಾರೆ. ಅವರಿಗೇ ಇಷ್ಟವಿಲ್ಲದಿದ್ದರೆ?

ಇದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ಮಾಡಿದ, 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದೇ ಕಂಡಿತು. ತಾವೇ ಕೆಲಸ ಮಾಡಿ ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಜಾಸ್ತಿ ಗಳಿಸಿದರು. ಆದರೆ "ಎಷ್ಟು ಕಲಿತಿರಿ?" ಎಂದರೆ ಕಡಿಮೆ ಎಂದರು. ಒಳ್ಳೆಯ ಉಪನ್ಯಾಸ ಕೇಳುವಾಗ ಎಲ್ಲ ಅರ್ಥವಾದ ಹಾಗೆ ಅನ್ನಿಸುತ್ತದೆ. ತಲೆ ಓಡಿಸುವಾಗ ಕಷ್ಟ ಅನ್ನಿಸುತ್ತದೆ. ಆ ಕಷ್ಟವನ್ನು ಅವರು ಕಲಿಯುತ್ತಿಲ್ಲ ಎಂದುಕೊಳ್ಳುತ್ತಾರೆ.

ಇದನ್ನು ಮೊದಲ ವಾರವೇ ಅವರಿಗೆ ಬಿಡಿಸಿ ಹೇಳಿ. ಸ್ಕಾಟ್ ಫ್ರೀಮನ್ ಮತ್ತು ಜೊತೆಗಾರರು 2014ರಲ್ಲಿ 225 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಬರೀ ಉಪನ್ಯಾಸ ಇದ್ದ ಕಡೆ ಫೇಲಾದವರು ಸರಾಸರಿ 33.8 ಶೇಕಡಾ, ವಿದ್ಯಾರ್ಥಿಗಳು ತಾವೇ ತೊಡಗಿಕೊಂಡ ಕಡೆ 21.8. ನಾನು ಈ ಎರಡು ಸಂಖ್ಯೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದು, ಆ ದಿನ ಪೂರ್ತಿ ಅಳಿಸುವುದಿಲ್ಲ.

ಉಪನ್ಯಾಸವನ್ನೇ ಬಿಡಿ ಎಂದು ಇದರ ಅರ್ಥವಲ್ಲ. ಅರ್ಧ ಗಂಟೆ ಒದ್ದಾಡಿದ ಮೇಲೆ ಹತ್ತು ನಿಮಿಷ ಚೆನ್ನಾಗಿ ವಿವರಿಸಿದರೆ ಅದು ನೆಲ ಹದವಾದ ಮೇಲೆ ಬಿದ್ದ ಮಳೆಯ ಹಾಗೆ ಇಂಗುತ್ತದೆ.

ಆರ್ಗ್ಯಾನಿಕ್ ಬುನಾದಿಯೇ ಗಟ್ಟಿ ಇಲ್ಲದವರು ಹಿಂದೆ ಬೀಳುವುದಿಲ್ವಾ?

ಬೀಳುತ್ತಾರೆ, ನಾವು ಗಮನಿಸದಿದ್ದರೆ. ಮೊದಲ ವಾರ ಒಂದು ಸಣ್ಣ ಪರೀಕ್ಷೆ ಮಾಡಿ, ಅಂಕ ಇಲ್ಲದ್ದು. ಆಮ್ಲ ಯಾವುದು, ಕ್ಷಾರ ಯಾವುದು, ಎಸ್ಟರ್ ಎಲ್ಲಿದೆ, ಅಮೈಡ್ ಎಲ್ಲಿದೆ, ಕೈರಲ್ ಕಾರ್ಬನ್ ಎಷ್ಟು. ಇಷ್ಟು ಬಂದರೆ ನಮ್ಮ ವಿಷಯದ ಮುಕ್ಕಾಲು ಭಾಗಕ್ಕೆ ಸಾಕು. ಬಾರದವರನ್ನು ಹೆಸರು ಹಿಡಿದು ಎಬ್ಬಿಸಬೇಡಿ. ವಾರಕ್ಕೊಂದು ಗಂಟೆ ಬೇರೆಯಾಗಿ ಕೂರಿಸಿಕೊಂಡು ಔಷಧದ ಸ್ಟ್ರಕ್ಚರ್‌ಗಳ ಮೇಲೆಯೇ ಅದನ್ನು ಅಭ್ಯಾಸ ಮಾಡಿಸಿ.

ನಾಳೆಯೇ ತರಗತಿ ಇದೆ. ಹೇಗೆ ಶುರು ಮಾಡಲಿ?

ಒಮೆಪ್ರಜೋಲ್ ಸ್ಟ್ರಕ್ಚರ್ ಬೋರ್ಡಿನ ಮೇಲೆ ಬರೆಯಿರಿ. ಹೆಸರು ಮಾತ್ರ ಹೇಳಿ, ಬೇರೆ ಏನೂ ಬೇಡ. ಆಮೇಲೆ ಈ ಮೂರು ಮಾತು ಬರೆಯಿರಿ: ಈ ಔಷಧವನ್ನು ಹೊಟ್ಟೆಯ ಆಮ್ಲ ಹಾಳು ಮಾಡುತ್ತದೆ, ಅದಕ್ಕೇ ಕ್ಯಾಪ್ಸೂಲ್ ಒಳಗಿನ ಕಾಳುಗಳಿಗೆ ಆಮ್ಲ ತಡೆಯುವ ಲೇಪನ ಇದೆ. ಈ ಔಷಧ ಕೆಲಸ ಮಾಡುವಂತಾಗಲು ಆಮ್ಲ ಬೇಕೇ ಬೇಕು. ಈ ಔಷಧ ಆಮ್ಲ ಸುರಿಸುವ ಪಂಪನ್ನು ಮುಚ್ಚುತ್ತದೆ. ಮೂರೂ ನಿಜ. ಅದು ಹೇಗೆ?

ನಾಲ್ಕು ನಿಮಿಷ ಕೊಡಿ. ಆ ನಾಲ್ಕು ನಿಮಿಷ ನೀವು ಮಾತಾಡಬೇಡಿ. ಬೆಂಚುಗಳ ನಡುವೆ ನಡೆದು ಅವರು ಏನು ಬರೆಯುತ್ತಿದ್ದಾರೆ ಎಂದು ಓದಿ. ಯಾರಾದರೂ ಒಬ್ಬರು ಪಿರಿಡಿನ್ ನೈಟ್ರೋಜನ್‌ಗೆ ಸುತ್ತು ಹಾಕಿ, ಪಕ್ಕದಲ್ಲಿ ಒಂದು ಪ್ರೋಟಾನ್ ಬರೆದಿರುತ್ತಾರೆ. ಅವರ ಹಾಳೆಯಿಂದ ಪಾಠ ಶುರು ಮಾಡಿ.